ಒಪ್ಪಿಗೆ ಪಟ್ಟಿಯ ಹನ್ನೊಂದನೆಯ ಸಾಲು

ಚುನಾವಣೆಗೆ ನಿಂತ ಆ ಮೂರು ತಿಂಗಳಲ್ಲಿ ನಾನು ತಿಂದಷ್ಟು ಕರಿದ ಮೀನನ್ನು ಅದರ ಹಿಂದಿನ ಐವತ್ತೆರಡು ವರ್ಷಗಳಲ್ಲಿ ತಿಂದಿರಲಿಲ್ಲ. ನಮ್ಮ ಪುಟ್ಟ ಊರು ಕಾರ್ವರ್ ಫಾಲ್ಸ್‌ನಲ್ಲಿ ಶಾಲಾ ಮಂಡಳಿಗೆ ಮತ ಕೇಳಬೇಕಾದರೆ ಮನೆ ಬಾಗಿಲಿಗೆ ಹೋಗಿ ಪ್ರಯೋಜನವಿಲ್ಲ. ಜನವರಿಯ ಹಿಮದಲ್ಲಿ ಯಾರೂ ಬಾಗಿಲು ತೆರೆದು ನಿಲ್ಲುವುದಿಲ್ಲ. ಊರವರೆಲ್ಲ ಸೇರುವ ಶುಕ್ರವಾರ ಸಂಜೆಯ ಮೀನೂಟಕ್ಕೆ ಹೋಗಬೇಕು. ಒಂದು ವಾರ ಲೂಥರನ್ ಚರ್ಚಿನ ನೆಲಮಾಳಿಗೆ, ಮುಂದಿನ ವಾರ ಮಾಜಿ ಸೈನಿಕರ ಸಭಾಂಗಣ. ಉದ್ದದ ಮೇಜುಗಳಿಗೆ ಹಾಸಿದ ಪ್ಲಾಸ್ಟಿಕ್ಕು ಮೊಣಕೈಗೆ ಅಂಟುತ್ತಿತ್ತು. ಎದುರಿಗೆ ಕೂತವರು ಬಾಯಿ ತುಂಬ ಮೀನಿಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದರು, ತುಟಿಯಂಚಿನ ಬಿಳಿ ಸಾಸನ್ನು ಒರೆಸಿಕೊಳ್ಳದೆ ಉತ್ತರಕ್ಕೆ ಕಾಯುತ್ತಿದ್ದರು. ನಾನು ಆ ಸಾಸಿನ ಕಡೆ ನೋಡದೆ ನಗಲು ಕಲಿತೆ.

ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ.

"ಏನಮ್ಮಾ ಲೆನೋರ್, ಬೇಟೆ ರಜೆ ತೆಗೆದುಬಿಡ್ತೀಯಂತೆ?"

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಿದಾರೆ."

"ನಾನು ಹಾಗೆ ಹೇಳೇ ಇಲ್ಲ."

"ತೆಗೆಯಲ್ಲ ಅಂತಾನೂ ಹೇಳ್ಲಿಲ್ವಲ್ಲ!" ಅಂತ ಮೇಜಿಗೆ ಮೇಜೇ ನಗುತ್ತಿತ್ತು.

ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವಾಗ ನಮ್ಮ ಶಾಲೆಗಳಿಗೆ ಎರಡು ದಿನ ರಜೆ. ಅದನ್ನು ತೆಗೆಯುವ ಯೋಚನೆ ನನಗೂ ಇರಲಿಲ್ಲ, ಬೇರೆ ಯಾರಿಗೂ ಇರಲಿಲ್ಲ. ಆದರೂ ಊರು ಮೂರು ತಿಂಗಳು ಅದನ್ನೇ ಅಗಿದು ಅಗಿದು ಉಗಿಯಿತು. ನಾನು ನಿಂತಿದ್ದು ಯಾತಕ್ಕೆ ಎಂದು ಕೇಳಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

"ಮೀನು ತಿನ್ನೋವಾಗ ಮುಖ ಹಂಗೆ ಮಾಡ್ಬೇಡ ಕಣೇ," ಎಂದು ನನ್ನ ಗಂಡ ಕರ್ಟ್ ಕಾರಿನಲ್ಲಿ ಹೇಳಿದ. ಅವನು ಕೌಂಟಿಯ ಹಿಮ ಗುಡಿಸುವ ಲಾರಿ ಓಡಿಸುತ್ತಾನೆ. ಊರಿನಲ್ಲಿ ಅವನನ್ನು ಕಂಡರೆ ಎಲ್ಲರಿಗೂ ಇಷ್ಟ. "ಮುಳ್ಳು ಹುಡುಕ್ತಾ ಇದಾಳೆ ಅನ್ಸುತ್ತೆ ನೋಡಿದೋರಿಗೆ."

"ಮುಳ್ಳು ಇರುತ್ತಲ್ಲ."

"ಇರುತ್ತೆ. ಓಟು ಬೇಕಾದ್ರೆ ನುಂಗು."

ಮುಳ್ಳು ಹುಡುಕುವುದೇ ನನ್ನ ಕೆಲಸ. ಔಷಧದ ಡಬ್ಬಿಯೊಳಗೆ ಮಡಚಿ ಇಡುತ್ತಾರಲ್ಲ, ಇರುವೆ ಸಾಲಿನಂಥ ಅಕ್ಷರದ ಹಾಳೆ, ಅಂಥವನ್ನು ಮುದ್ರಿಸುವ ಪ್ರೆಸ್ಸಿನಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ಕರಡು ತಿದ್ದುತ್ತಿದ್ದೇನೆ. ಒಂದು ಚುಕ್ಕೆ ಆಚೀಚೆಯಾದರೆ ಯಾರಾದರೂ ಸಾಯಬಹುದು. ಹಾಗಾಗಿ ಮನೆಗೆ ಬಂದ ಮೇಲೂ ನನಗೆ ಸಮಾಧಾನವಿರುವುದಿಲ್ಲ. ಬಾಗಿಲ ಚಿಲಕವನ್ನು ಎರಡು ಸಲ ನೋಡುತ್ತೇನೆ, ಒಲೆಯನ್ನು ಮೂರು ಸಲ. ಊರಿನವರು ನನಗೆ 'ಚುಕ್ಕೆ ಮೇಡಂ' ಎಂದು ಹೆಸರಿಟ್ಟಿದ್ದಾರೆ. ಅದು ನನ್ನ ಕಿವಿಗೆ ಬಿದ್ದಿಲ್ಲ ಎಂದು ಆಗ ಅಂದುಕೊಂಡಿದ್ದರು.

ನಾನು ನಿಂತಿದ್ದು ಒಂದು ಕೋಣೆಗೋಸ್ಕರ. ಪೈನ್ ಸ್ಟ್ರೀಟ್ ಶಾಲೆಯಲ್ಲಿ, ಬಾಯ್ಲರಿನ ಪಕ್ಕ, ಹಿಂದೆ ಪೊರಕೆ ಬಕೆಟ್ಟು ಇಡುತ್ತಿದ್ದ ಜಾಗದಲ್ಲಿ ಓದುವ ಕೋಣೆ ಇದೆ. ಅಲ್ಲಿ ಒಡೆಟ್ ಕ್ರಾಂಟ್ಸ್ ಎಂಬ ಟೀಚರು ಇಪ್ಪತ್ತೆರಡು ವರ್ಷಗಳಿಂದ ಓದಲು ಬಾರದ ಮಕ್ಕಳನ್ನು ನಾಲ್ಕು ನಾಲ್ಕರಂತೆ ಕೂರಿಸಿಕೊಂಡು ಓದು ಕಲಿಸುತ್ತಾರೆ. ಮೂರನೆಯ ತರಗತಿಗೆ ಬಂದರೂ ನಮ್ಮ ಊರಿನ ಮೂವರು ಮಕ್ಕಳಲ್ಲಿ ಒಬ್ಬರಿಗೆ ಒಂದು ಪುಟ ಓದಲು ಬರುವುದಿಲ್ಲ. ಇದನ್ನು ಮೀನೂಟದಲ್ಲಿ ಹೇಳಿದರೆ ಜನ "ಹೌದಾ, ಪಾಪ" ಎಂದು ಇನ್ನೊಂದು ತುಂಡು ಹಾಕಿಸಿಕೊಳ್ಳುತ್ತಿದ್ದರು.

ಪ್ರತಿ ಗುರುವಾರ ಮಧ್ಯಾಹ್ನ ನಾನು ಆ ಕೋಣೆಗೆ ಹೋಗಿ ಮಕ್ಕಳು ಓದುವುದನ್ನು ಕೇಳುತ್ತೇನೆ. ನನ್ನ ಪಾಲಿಗೆ ಬಂದವಳು ಒಂಬತ್ತು ವರ್ಷದ ಜೂನಿ ಪೇಗಲ್. ತಾಯಿ ಚೀಸ್ ಕಾರ್ಖಾನೆಯಲ್ಲಿ ಮುಂಜಾವಿನ ಪಾಳಿ. ಜೂನಿ ಸರಿಯಾದ ಹೊತ್ತಿಗೆ ಪುಟ ತಿರುಗಿಸುತ್ತಿದ್ದಳು, ಚಿತ್ರ ನೋಡಿ ಕಥೆ ಹೇಳುತ್ತಿದ್ದಳು, ಕಷ್ಟದ ಜಾಗ ಬಂದರೆ ಕಣ್ಣುಜ್ಜಿಕೊಂಡು "ಕಣ್ಣು ಉರೀತಿದೆ" ಅನ್ನುತ್ತಿದ್ದಳು. ಮೂರು ವಾರ ನಾನು ಮೋಸಹೋದೆ. ಒಂದು ದಿನ ನಾನು ಪುಸ್ತಕ ಬದಲಾಯಿಸಿ ಹೊದಿಕೆ ಮಾತ್ರ ಅದೇ ಇಟ್ಟೆ. ಅವಳು ಹಳೆಯ ಕಥೆಯನ್ನೇ ಹೇಳಿದಳು. ಆಮೇಲೆ ನನ್ನ ಮುಖ ನೋಡಿ ಪುಸ್ತಕ ಮುಚ್ಚಿದಳು.

"ಯಾರಿಗೂ ಹೇಳ್ಬೇಡಿ ಮಿಸೆಸ್ ವೀಸ್ನರ್."

"ಮಿಸೆಸ್ ಕ್ರಾಂಟ್ಸ್‌ಗೆ ಗೊತ್ತಲ್ಲ."

"ಅವ್ರಿಗೆ ಗೊತ್ತು. ಅವ್ರು ಯಾರ್ಗೂ ಹೇಳಲ್ಲ."

ಚುನಾವಣೆಗೆ ಮುಂಚಿನ ಆ ಡಿಸೆಂಬರಿನಲ್ಲಿ, ಓದುವ ಕೋಣೆ "ಅಂಕಿಅಂಶಗಳ ದೃಷ್ಟಿಯಿಂದ ಸಮರ್ಥನೀಯವಲ್ಲ" ಎಂದು ಊರಿನ ಶಾಲೆಗಳ ಸೂಪರಿಂಟೆಂಡೆಂಟರು ಮಂಡಳಿಗೆ ವರದಿ ಕೊಟ್ಟರು. ಮಂಡಳಿಯಲ್ಲಿ ಐದು ಸ್ಥಾನ, ಒಂದು ಖಾಲಿಯಿತ್ತು. ಉಳಿದ ನಾಲ್ವರು ಬೇರೊಂದು ವಿಷಯಕ್ಕೆ ವರ್ಷದಿಂದ ಎರಡು ಎರಡಾಗಿ ಸಿಕ್ಕಿಹಾಕಿಕೊಂಡಿದ್ದರು: ಫುಟ್‌ಬಾಲ್ ಮೈದಾನಕ್ಕೆ ಹೊಸ ಸ್ಕೋರ್ ಬೋರ್ಡು. ಟೈರ್ ಅಂಗಡಿಯ ಡುವೇನ್ ಸ್ಟೋಯಿಕ್‌ಗೂ ಅವನ ಭಾವಮೈದ ಲೈಲ್‌ಗೂ ಅದು ಬೇಕು. ಅಧ್ಯಕ್ಷರಾದ ರೋಲಂಡ್ ಗೆರ್ಕೆಯವರಿಗೆ ಬೇಡ. ಗೆರ್ಕೆ ಬೇಡ ಅಂದಿದ್ದಕ್ಕೆಲ್ಲ ಬೆವ್ ಎಂಬಾಕೆಯೂ ಬೇಡ ಅನ್ನುತ್ತಿದ್ದರು.

ನಾನು ಖಾಲಿ ಸ್ಥಾನಕ್ಕೆ ಅರ್ಜಿ ಹಾಕಿದೆ. ಅರವತ್ತು ಫಲಕ ಮಾಡಿಸಿ ಜನರ ಅಂಗಳದ ಹಿಮದಲ್ಲಿ ಚುಚ್ಚಿದೆವು. ಅದರ ಮೇಲೆ ನನ್ನ ಹೆಸರು, ಕೆಳಗೆ ನಾಲ್ಕು ಪದ: 'ಮೊದಲು ಓದು, ಆಮೇಲೆ ಆಟ'. ಲೂಥರನ್ ನೆಲಮಾಳಿಗೆಯಲ್ಲಿ ಎಲ್ಲರೆದುರು ಎದ್ದು ನಿಂತು, ಮಕ್ಕಳು ಓದುವವರೆಗೆ ಸ್ಕೋರ್ ಬೋರ್ಡಿಗೆ ನನ್ನ ಕೈ ಏಳುವುದಿಲ್ಲ ಎಂದು ಮಾತು ಕೊಟ್ಟೆ. ಅರ್ಧ ಜನ ಚಪ್ಪಾಳೆ ತಟ್ಟಿದರು. ಇನ್ನರ್ಧ ಜನ ಬೇಟೆ ರಜೆಯ ಬಗ್ಗೆ ಕೇಳಿದರು. ಏಪ್ರಿಲ್‌ನಲ್ಲಿ ಮೂವತ್ತೆಂಟು ಮತಗಳಿಂದ ಗೆದ್ದೆ.

ಮೊದಲ ಸಭೆಗೆ ಮೂರು ದಿನ ಮುಂಚೆ ಕಾಗದದ ಕಟ್ಟು ಮನೆಗೆ ಬಂತು. ನೂರಾ ಹದಿನಾಲ್ಕು ಪುಟ. ಎಲ್ಲವನ್ನೂ ಪೆನ್ಸಿಲ್ ಹಿಡಿದು ಓದಿದೆ. ಎರಡನೆಯ ಪುಟದಲ್ಲಿ ಒಪ್ಪಿಗೆ ಪಟ್ಟಿ ಇತ್ತು. ಚರ್ಚೆ ಬೇಡದ ಸಣ್ಣಪುಟ್ಟ ವಿಷಯಗಳನ್ನೆಲ್ಲ ಒಂದು ಪಟ್ಟಿಗೆ ಹಾಕಿ, ಒಂದೇ ಉಸಿರಿನಲ್ಲಿ, ಒಂದೇ ಮತದಲ್ಲಿ ಮುಗಿಸುವುದು ಇಲ್ಲಿಯ ಎಲ್ಲ ಮಂಡಳಿಗಳ ಪದ್ಧತಿ. ಕಳೆದ ಸಭೆಯ ನಡಾವಳಿ, ಬಸ್ಸಿನ ಟೈರು, ಅಡುಗೆಮನೆಯ ಹಾಲು. ಯಾವುದಾದರೂ ಸಾಲಿನ ಬಗ್ಗೆ ಅನುಮಾನವಿದ್ದರೆ ಸದಸ್ಯರು "ಇದನ್ನು ಹೊರಗೆ ತೆಗೆಯಿರಿ" ಎಂದರೆ ಸಾಕು. ಕಾರಣ ಕೂಡ ಹೇಳಬೇಕಿಲ್ಲ. ಆ ಸಾಲು ಹೊರಗೆ ಬರುತ್ತದೆ, ಚರ್ಚೆಯಾಗುತ್ತದೆ.

ಹನ್ನೊಂದನೆಯ ಸಾಲು ಹೀಗಿತ್ತು: 'ಸಿಬ್ಬಂದಿ ಹೊಂದಾಣಿಕೆ, ಲಗತ್ತಿನಲ್ಲಿರುವಂತೆ.' ಕಟ್ಟಿನಲ್ಲಿ ಲಗತ್ತು ಇರಲಿಲ್ಲ. ಅದರ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದೆ. ಶುಕ್ರವಾರ ನಾಲ್ಕಕ್ಕೆ ಕಚೇರಿಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಆ ಚಿಹ್ನೆಯ ಮೇಲೆ ಇನ್ನೊಂದು ಸಲ ಪೆನ್ಸಿಲ್ ಎಳೆದೆ. ಇವತ್ತಿಗೂ ಆ ಹಾಳೆ ನನ್ನ ಬಳಿ ಇದೆ.

ಸೋಮವಾರ ಸಂಜೆ ಸಭೆಗೆ ಇಪ್ಪತ್ತು ನಿಮಿಷ ಮೊದಲೇ ಹೋದೆ. ಗೆರ್ಕೆ ಕಾಫಿ ಪಾತ್ರೆಯ ಹತ್ತಿರ ನಿಂತಿದ್ದರು. ನಿವೃತ್ತ ದಂತವೈದ್ಯರು, ಮೆತ್ತನೆಯ ಕೈ, "ಏನೂ ನೋವಾಗೋದಿಲ್ಲ" ಎಂದು ನಲವತ್ತು ವರ್ಷ ಹೇಳಿ ಹೇಳಿ ಪಳಗಿದ ದನಿ. ನನ್ನ ಬಾಲ್ಯದ ಎರಡು ಹಲ್ಲು ಕಿತ್ತವರು ಅವರೇ.

"ಡಾಕ್ಟರ್ ಗೆರ್ಕೆ, ಹನ್ನೊಂದನೇದಕ್ಕೆ ಲಗತ್ತು ಸಿಗಲಿಲ್ಲ."

"ಅದಾ? ಅದು ಮಾಮೂಲಮ್ಮ. ಯಾರು ರಿಟೈರಾಗ್ತಾರೆ, ಯಾರಿಗೆ ಹೆರಿಗೆ ರಜೆ, ಅಂಥದ್ದು. ಪ್ರತಿ ವರ್ಷ ಇರುತ್ತೆ." ನನ್ನ ತೋಳಿನ ಮೇಲೆ ಕೈಯಿಟ್ಟರು. "ನಮ್ಮಲ್ಲೊಂದು ಸಂಪ್ರದಾಯ ಇದೆ, ಗೊತ್ತಲ್ಲ? ಹೊಸಬರು ಒಪ್ಪಿಗೆ ಪಟ್ಟಿ ಮಂಡಿಸ್ತಾರೆ. ಅದೊಂದು ಮರ್ಯಾದೆ. ಪೇಪರಿನವರು ಫೋಟೋ ತೆಗೆಯೋಕೆ ಬಂದಿದಾರೆ."

ಪಕ್ಕದಲ್ಲಿ ಡುವೇನ್ ನಿಂಬೆ ಕೇಕಿನ ತುಂಡನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ. "ಏನು ಚುಕ್ಕೆ ಮೇಡಮ್ಮೋರೇ, ಮೊದಲ್ನೇ ದಿನಾನೇ ತಪ್ಪು ಸಿಕ್ತಾ?"

ಸುತ್ತಲಿನವರು ನಕ್ಕರು. ನಾನೂ ನಕ್ಕೆ. ಈ ಊರಿನಲ್ಲಿ ಒಬ್ಬರ ಮುಖದ ಮೇಲೆ ಅನುಮಾನ ತೋರಿಸುವುದು ಉಗಿದಂತೆ. ನಾನು ಇಲ್ಲೇ ಹುಟ್ಟಿ ಬೆಳೆದವಳು. ಕೈಯಲ್ಲಿ ಪೆನ್ಸಿಲ್ ಇದ್ದರೂ ಊರಿನ ಮರ್ಯಾದೆ ನನ್ನ ನಾಲಿಗೆಯಲ್ಲೇ ಇತ್ತು. ಹೆಸರು ಕರೆದಾಗ ಸ್ಪಷ್ಟವಾದ ದನಿಯಲ್ಲಿ ಹೇಳಿದೆ: "ಒಪ್ಪಿಗೆ ಪಟ್ಟಿಯನ್ನು ಅಂಗೀಕರಿಸಬೇಕೆಂದು ಮಂಡಿಸುತ್ತೇನೆ." ಗೆರ್ಕೆ ಅನುಮೋದಿಸಿದರು. ಐದು ಕೈ ಎದ್ದವು. ಕ್ಯಾಮೆರಾ ಮಿಂಚಿತು. ಆ ಫೋಟೋದಲ್ಲಿ ನಾನು ಚೆನ್ನಾಗಿಯೇ ಕಾಣುತ್ತೇನೆ.

ಗುರುವಾರ ಓದುವ ಕೋಣೆಗೆ ಹೋದಾಗ ಒಡೆಟ್ ಗೋಡೆಯ ಮೇಲಿನ ಅಕ್ಷರದ ಪಟಗಳನ್ನು ಒಂದೊಂದಾಗಿ ಇಳಿಸಿ ಡಬ್ಬಿಗೆ ಹಾಕುತ್ತಿದ್ದರು. ನನ್ನನ್ನು ಕಂಡು ಒಂದು ಪತ್ರ ಕೊಟ್ಟರು. ಓದುವ ವಿಶೇಷ ಶಿಕ್ಷಕಿಯ ಹುದ್ದೆಯನ್ನು ಜೂನ್ ಕೊನೆಗೆ ರದ್ದುಪಡಿಸಲಾಗಿದೆ. ಮಂಡಿಸಿದವರು: ವೀಸ್ನರ್. ಅನುಮೋದಿಸಿದವರು: ಗೆರ್ಕೆ. ಸರ್ವಾನುಮತ.

ಪತ್ರವನ್ನು ಒಂದು ಚುಕ್ಕೆ ಬಿಡದೆ ಇನ್ನೊಂದು ಸಲ ಓದಿದೆ.

"ನನಗೆ ಗೊತ್ತಿರ್ಲಿಲ್ಲ ಒಡೆಟ್."

"ಗೊತ್ತಿರ್ಲಿಲ್ಲ ಅಂತ ನನಗೂ ಗೊತ್ತು," ಎಂದರು ಒಡೆಟ್. ಒಂದು ಪಟದ ಹಿಂದಿನ ಅಂಟನ್ನು ಉಗುರಿನಿಂದ ಕೆರೆದರು. "ಔಷಧದ ಚೀಟಿಯಲ್ಲಿ ಇಂಥದ್ದು ಬಿಟ್ಟಿದ್ರೆ ನಿಮ್ಮ ಸಾಹೇಬ್ರು ಏನು ಮಾಡ್ತಿದ್ರು?"

"ಕೆಲಸದಿಂದ ತೆಗೀತಿದ್ರು."

"ಇಲ್ಲಿ ನನ್ನನ್ನ ತೆಗೆದಿದಾರೆ. ಅಷ್ಟೇ ವ್ಯತ್ಯಾಸ."

ಒಳಗೆ ಬಂದ ಜೂನಿ ಬರಿದಾದ ಗೋಡೆ ನೋಡಿದಳು. ಒಡೆಟ್ ಬೇಸಿಗೆಗೆ ಬಣ್ಣ ಹೊಡೆಯುತ್ತಾರೆ ಎಂದರು. ಜೂನಿ ನಂಬಲಿಲ್ಲ. ಓದಲು ಬಾರದ ಮಕ್ಕಳು ಮುಖಗಳನ್ನು ಬಹಳ ಚೆನ್ನಾಗಿ ಓದುತ್ತಾರೆ. ಕೈಯಲ್ಲಿದ್ದ ಹಾಲಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಯಾರೂ ಕೇಳದೆಯೇ, ಅದರ ಮೈಮೇಲಿನ ಅಕ್ಷರಗಳ ಮೇಲೆ ಬೆರಳಿಟ್ಟು ಶುರುಮಾಡಿದಳು. "ಚೆ... ಚೆನ್ನಾಗಿ... ಕು... ಕುಲು... ಕುಲುಕಿ... ಕುಡಿ... ಕುಡಿಯಿರಿ." ತಲೆಯೆತ್ತಿದಳು. "ಇದ್ರಲ್ಲಿ ಚಿತ್ರ ಇಲ್ಲ," ಎಂದಳು, ನಾನು ಗಮನಿಸಿಲ್ಲವೇನೋ ಎಂಬಂತೆ.

ಒಡೆಟ್ ಕಿಟಕಿಯ ಕಡೆ ತಿರುಗಿದರು. ಆ ಕೋಣೆಗೆ ಕಿಟಕಿ ಇಲ್ಲ. ಕಿಟಕಿಯಿರಲಿ ಎಂದು ಯಾವುದೋ ವರ್ಷ ಮಕ್ಕಳೇ ಕಾಗದದಲ್ಲಿ ಚಿತ್ರ ಬರೆದು ಅಂಟಿಸಿದ್ದು.

ಗೆರ್ಕೆಯವರಿಗೆ ಫೋನು ಮಾಡಿದೆ. "ನೀವೇ ಕೇಳಬಹುದಿತ್ತಲ್ಲಮ್ಮ," ಎಂದರು ಅದೇ ದನಿಯಲ್ಲಿ. "ಲಗತ್ತು ಕಚೇರಿಯಲ್ಲೇ ಇತ್ತು. ಮುಚ್ಚಿಟ್ಟಿರಲಿಲ್ಲ. ಹೊರಗೆ ತೆಗೆಯಿರಿ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು." ಅದು ನಿಜ. ನನಗೆ ಹೇಸಿಗೆಯಾದದ್ದು ಅದು ನಿಜವಾಗಿದ್ದಕ್ಕೆ. ಫೋನು ಇಟ್ಟಮೇಲೆ ಕೈ ತೊಳೆದುಕೊಂಡೆ.

ಆ ವಾರ ಮಂಡಳಿಯ ನಿಯಮಗಳ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಅಂಗೀಕಾರವಾದ ವಿಷಯವನ್ನು ಮುಂದಿನ ಸಭೆಯಲ್ಲಿ ಮತ್ತೆ ಎತ್ತಬಹುದು, ಆದರೆ ಅದರ ಪರವಾಗಿ ಕೈ ಎತ್ತಿದವರು ಮಾತ್ರ ಎತ್ತಬೇಕು. ನಾನು ಅಂದು ಬೇಡ ಎಂದಿದ್ದರೆ ಇಂದು ಕೇಳುವ ಹಕ್ಕು ಇರುತ್ತಿರಲಿಲ್ಲ. ನನ್ನ ತಪ್ಪೇ ನನ್ನ ಕೈಯಲ್ಲಿದ್ದ ಏಕೈಕ ಬೀಗದ ಕೈ. ಆದರೆ ಇನ್ನೊಬ್ಬರು ಅನುಮೋದಿಸಬೇಕು, ಆಮೇಲೆ ಐವರಲ್ಲಿ ಮೂರು ಮತ ಬೇಕು. ಗೆರ್ಕೆ, ಬೆವ್ ಕೊಡುವುದಿಲ್ಲ. ಉಳಿದವರು ಟೈರ್ ಅಂಗಡಿಯವನೂ ಅವನ ಭಾವಮೈದನೂ.

ನಾನು ಡುವೇನ್ ಬಳಿ ಹೋಗಬೇಕಾಗಲಿಲ್ಲ. ಶನಿವಾರ ಬೆಳಿಗ್ಗೆ ಅವನೇ ಬಂದ. ಬಾಗಿಲು ತೆರೆದರೆ ಡುವೇನ್ ಮೆಟ್ಟಿಲ ಮೇಲೆ ನಿಂತಿದ್ದ, ಕೈಯಲ್ಲಿ ಕಟುಕರ ಬಿಳಿ ಕಾಗದದ ಪೊಟ್ಟಣ.

"ಜಿಂಕೆ ಸಾಸೇಜು. ಹೋದ ನವೆಂಬರ್‌ದು. ಕರ್ಟ್‌ಗೆ ಇಷ್ಟ ಅಂತ ಗೊತ್ತು."

"ಒಳಗೆ ಬನ್ನಿ ಡುವೇನ್."

"ಬೇಡ ಬೇಡ, ಬೂಟ್ಸ್ ಗಲೀಜಾಗಿದೆ." ಅಂಗಳದಲ್ಲಿ ಇನ್ನೂ ಇದ್ದ ನನ್ನ ಫಲಕದ ಕಡೆ ನೋಡಿ ತಲೆ ಕೆರೆದುಕೊಂಡ. "ಚೆನ್ನಾಗಿ ಬರೆಸಿದೀರ. ಮೊದಲು ಓದು. ನಾನೇನೂ ಓದಿನ ವೈರಿ ಅಲ್ಲಮ್ಮ. ನನ್ನ ಅಕ್ಕನ ಮಗಳು ಆ ಕೋಣೆಯಲ್ಲೇ ಓದು ಕಲ್ತಿದ್ದು."

"ಹಾಗಿದ್ರೆ ಯಾಕೆ ಕೈ ಎತ್ತಿದ್ರಿ?"

"ನೀವು ಯಾಕೆ ಎತ್ತಿದ್ರಿ?"

ನಾನೂ ಫಲಕದ ಕಡೆ ನೋಡಿದೆ. ಅವನಿಗೆ ಖುಷಿಯಾಯಿತು. ಅದನ್ನು ಮುಚ್ಚಿಡುವ ಸೌಜನ್ಯವೂ ಅವನಿಗಿರಲಿಲ್ಲ.

"ನೇರವಾಗಿ ಹೇಳ್ತೀನಿ ತಾಯೀ. ಒಬ್ಬರು ಕೇಳ್ಬೇಕು, ಒಬ್ಬರು ಅನುಮೋದಿಸ್ಬೇಕು, ಮೂರು ಕೈ ಏಳ್ಬೇಕು. ನಿಮ್ಗೆ ಒಂದು ಕೋಣೆ, ನಮ್ಗೆ ಒಂದು ಬೋರ್ಡು. ಮುಂದಿನ ಸಭೆಯಲ್ಲಿ ಸ್ಕೋರ್ ಬೋರ್ಡು ಏಳನೇ ವಿಷಯ. ನಿಮ್ದು ಎಂಟನೇದು."

"ಮೊದಲು ನಿಮ್ಮದು."

"ಇಂಗ್ಲಿಷ್ ಟೀಚರ್ ನಮ್ಗೆ ಹೇಳಿಕೊಟ್ಟಿದಾರಲ್ಲ, ಎಂಟಕ್ಕಿಂತ ಏಳು ಮೊದಲು ಅಂತ," ಎಂದು ಅವನು ನಕ್ಕ.

"ಅದು ಗಣಿತದ ಟೀಚರ್ರು, ಡುವೇನ್."

"ನೋಡಿ, ಬಿಡಲ್ಲ ನೀವು!" ಪೊಟ್ಟಣವನ್ನು ಮೆಟ್ಟಿಲ ಕಟ್ಟೆಯ ಮೇಲೆ ಇಟ್ಟು ಟ್ರಕ್ಕಿನ ಕಡೆ ಹೊರಟ.

ಕರ್ಟ್ ಆ ಮಧ್ಯಾಹ್ನವೇ ಅದನ್ನು ಹುರಿದ. ಮನೆಯೆಲ್ಲ ಕೊಬ್ಬಿನ, ಮೆಣಸಿನ, ಕಾಡುಮಾಂಸದ ವಾಸನೆ. ಪರದೆಗೆ, ನನ್ನ ಸ್ವೆಟರಿಗೆ, ಕೂದಲಿಗೆ ಅಂಟಿಕೊಂಡಿತು. ಕಿಟಕಿ ತೆರೆದೆ. ಅವನು ತಟ್ಟೆ ಹಿಡಿದು ಮೇಜಿಗೆ ಬಂದ.

"ತಿನ್ನಲ್ವಾ?"

"ಅದು ಲಂಚ ಕರ್ಟ್."

"ಸಾಸೇಜು ಕಣೇ. ಊರಲ್ಲಿ ಎಲ್ರಿಗೂ ಕೊಡ್ತಾನೆ ಅವ್ನು." ಸ್ವಲ್ಪ ಹೊತ್ತು ಅಗಿದ. "ಏನ್ ಮಾಡ್ತೀಯ?"

"ಮಾತು ಕೊಟ್ಟಿದೀನಲ್ಲ. ಎಲ್ಲರೆದುರು. ಆ ಅರವತ್ತು ಮನೆಯವರು ನನ್ನ ಫಲಕ ಹಾಕಿಕೊಂಡು ಚಳಿಗಾಲ ಕಳೆದಿದಾರೆ."

"ಆ ಅರವತ್ತು ಮನೆಯವ್ರಿಗೆ ಓದೋಕೆ ಬರುತ್ತಲ್ಲ," ಎಂದ ಕರ್ಟ್. "ಬೈದು ಕಾಗದ ಬರೀತಾರೆ ಬಿಡು."

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅವನ ತುಟಿಯ ಮೇಲೆ ಹೊಳೆಯುತ್ತಿದ್ದ ಕೊಬ್ಬನ್ನು ನೋಡಿ ನಾನು ಎದ್ದುಹೋದೆ.

ಮೇ ತಿಂಗಳ ಸಭೆಗೆ ಜನ ತುಂಬಿದ್ದರು. ಮುಂದಿನ ಸಾಲಿನಲ್ಲಿ ಮೇವಿಸ್ ಡ್ರೀಯರ್ ಕೂತಿದ್ದರು, ಎಪ್ಪತ್ತಾರು ವರ್ಷದ ನಿವೃತ್ತ ನರ್ಸು. ನನ್ನ ಮೊದಲ ಫಲಕ ಹಾಕಿಸಿಕೊಂಡವರು, ಮಂಡಿ ನೋವಿನಲ್ಲೂ ಎರಡು ಬೀದಿ ತಿರುಗಿ ನನಗೆ ಮತ ಕೇಳಿದವರು. ನನ್ನನ್ನು ಕಂಡು ಹೆಬ್ಬೆರಳೆತ್ತಿ ತೋರಿಸಿದರು. ಹಿಂದಿನ ಬಾಗಿಲ ಬಳಿ ಒಡೆಟ್ ಕೋಟು ಬಿಚ್ಚದೆ ನಿಂತಿದ್ದರು.

ಏಳನೆಯ ವಿಷಯ ಬಂತು. ಡುವೇನ್ ಮಂಡಿಸಿದ, ಲೈಲ್ ಅನುಮೋದಿಸಿದ. ಸಾರ್ವಜನಿಕರಿಗೆ ಮಾತಾಡಲು ಮೂರು ಮೂರು ನಿಮಿಷ. ಮೇವಿಸ್ ಎದ್ದು ಮೈಕಿನ ಹತ್ತಿರ ಬಂದರು. "ನಾನು ಹೆಚ್ಚು ಮಾತಾಡೋದೇನಿಲ್ಲ. ಈ ಸಲ ಮೇಜಿನ ಆ ಕಡೆ ನಮ್ಮವಳೊಬ್ಬಳು ಕೂತಿದಾಳೆ. ಅವಳು ಮಾತು ಕೊಟ್ಟಿದಾಳೆ. ಅಷ್ಟೇ," ಎಂದು ಎರಡೂವರೆ ನಿಮಿಷ ಉಳಿಸಿ ಹೋಗಿ ಕೂತರು.

"ಸ್ಕೋರ್ ಬೋರ್ಡಿನ ಪರವಾಗಿರುವವರು," ಎಂದರು ಗೆರ್ಕೆ, ನನ್ನ ಕಡೆ ನೋಡದೆ. ನೋಡುವ ಅಗತ್ಯ ಅವರಿಗಿರಲಿಲ್ಲ. ನನ್ನ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ.

ಡುವೇನ್ ಕೈ ಎತ್ತಿದ. ಲೈಲ್ ಎತ್ತಿದ. ನನ್ನ ಕೈ ಮೇಜಿನ ಮೇಲಿತ್ತು. ಬೆರಳುಗಳಿಗೆ ಪೆನ್ಸಿಲಿನ ಕಪ್ಪು ಹತ್ತಿತ್ತು. ಕೈ ಎತ್ತಿದೆ.

ಯಾರೂ ಕೂಗಾಡಲಿಲ್ಲ. ನಮ್ಮ ಊರಿನವರು ಕೂಗಾಡುವುದಿಲ್ಲ. ಕುರ್ಚಿಗಳು ಸರಿದ ಸದ್ದು, ಯಾರೋ ಉಸಿರು ಬಿಟ್ಟ ಸದ್ದು. ಮೇವಿಸ್ ತಮ್ಮ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಬಹಳ ಹೊತ್ತು ಹುಡುಕಿದರು. ಅದರಲ್ಲಿ ಹುಡುಕುವಂಥದ್ದೇನೂ ಇರಲಿಲ್ಲವೆಂದು ನನಗೆ ಗೊತ್ತು.

"ಮೂರು, ಎರಡು. ಅಂಗೀಕಾರ." ಗೆರ್ಕೆಯ ದನಿ ಮೊದಲ ಸಲ ಒರಟಾಗಿತ್ತು. "ಎಂಟನೆಯದು."

ಏಪ್ರಿಲ್ ಸಭೆಯ ಹನ್ನೊಂದನೆಯ ಸಾಲನ್ನು ಮತ್ತೆ ಪರಿಶೀಲಿಸಬೇಕೆಂದು ಮಂಡಿಸಿದೆ. ಪದಗಳನ್ನು ಮನೆಯಲ್ಲೇ ಬರೆದುಕೊಂಡಿದ್ದೆ, ಒಂದೂ ತಪ್ಪಲಿಲ್ಲ.

"ಅನುಮೋದನೆ?"

ಡುವೇನ್ ಜೇಬಿನಿಂದ ಕೆಮ್ಮಿನ ಪೆಪ್ಪರ್‌ಮೆಂಟು ತೆಗೆದ. ಕಾಗದ ಬಿಚ್ಚಿದ. ಆ ಪರಪರ ಸದ್ದು ಕೋಣೆಯ ತುಂಬ ಕೇಳಿಸಿತು. ಬಾಯಿಗೆ ಹಾಕಿಕೊಂಡು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತಳ್ಳಿದ. ಕಾಗದವನ್ನು ಚೌಕಾಕಾರವಾಗಿ ಮಡಚಿದ. ನಾನು ಅವನ ಕಡೆ ನೋಡಿದೆ. ಬೇಡುವವಳಂತೆ ನೋಡಿದೆ. ಅದೇ ಅವನಿಗೆ ಬೇಕಾಗಿತ್ತು ಎಂದು ನೋಡಿದ ಮೇಲೆ ತಿಳಿಯಿತು.

"ಅನುಮೋದನೆ ಇಲ್ಲದಿದ್ದರೆ ಈ ಪ್ರಸ್ತಾವ," ಎಂದು ಗೆರ್ಕೆ ಶುರುಮಾಡಿದರು.

"ನಂದಿದೆ, ನಂದಿದೆ," ಎಂದ ಡುವೇನ್. "ಬಾಯಲ್ಲಿ ಪೆಪ್ಪರ್‌ಮೆಂಟಿತ್ತು." ಹಿಂದಿನ ಸಾಲಿನಲ್ಲಿ ಅವನ ಕಡೆಯವರು ನಕ್ಕರು. "ಆದ್ರೆ ಒಂದು ತಿದ್ದುಪಡಿ. ಒಂದು ವರ್ಷಕ್ಕೆ ಮಾತ್ರ. ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ನೋಡೋಣ."

ಮೆಟ್ಟಿಲ ಮೇಲೆ ನಿಂತು ಇದನ್ನು ಹೇಳಿರಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಅವನಿಗೆ ಇನ್ನೇನೋ ಬೇಕಾಗಿರುತ್ತದೆ. ಆಟಗಾರರ ಸ್ನಾನದ ಮನೆ, ಮೈದಾನದ ದೀಪ. ಆಗಲೂ ಒಂದು ಬಿಳಿ ಪೊಟ್ಟಣ ಮೆಟ್ಟಿಲ ಮೇಲೆ ಕೂತಿರುತ್ತದೆ.

"ತಿದ್ದುಪಡಿ ಒಪ್ಪಿಗೆಯೇ ಮಿಸೆಸ್ ವೀಸ್ನರ್?"

"ಒಪ್ಪಿಗೆ," ಎಂದೆ.

ಮೂರು ಕೈ ಎದ್ದವು. ತಲೆಯೆತ್ತಿ ಬಾಗಿಲ ಕಡೆ ನೋಡುವಷ್ಟರಲ್ಲಿ ಒಡೆಟ್ ಹೊರಟುಹೋಗಿದ್ದರು. ಮರುದಿನ ಬೆಳಿಗ್ಗೆ ಅಕ್ಷರದ ಪಟಗಳನ್ನು ಡಬ್ಬಿಯಿಂದ ತೆಗೆದು ಮತ್ತೆ ಗೋಡೆಗೆ ಅಂಟಿಸಿದರೆಂದು ಆಮೇಲೆ ತಿಳಿಯಿತು. ನನಗೆ ಧನ್ಯವಾದ ಹೇಳಲಿಲ್ಲ. ಹೇಳಿದ್ದರೆ ನನಗೆ ತಡೆಯಲಾಗುತ್ತಿರಲಿಲ್ಲ.

ಫಲಕಗಳು ವಾಪಸು ಬರತೊಡಗಿದವು. ಚುನಾವಣೆ ಮುಗಿದು ತಿಂಗಳಾಗಿತ್ತು, ಹೆಚ್ಚಿನವರು ಅವನ್ನು ಗ್ಯಾರೇಜಿಗೆ ಎಸೆದಿದ್ದಿರಬೇಕು. ಹುಡುಕಿ ತೆಗೆದು ತಂದರು. ಯಾರೂ ಬಾಗಿಲು ತಟ್ಟಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಗ್ಯಾರೇಜಿನ ಬಾಗಿಲಿಗೆ ಒರಗಿಸಿ ನಿಲ್ಲಿಸಿರುತ್ತಿದ್ದರು, ನೀಟಾಗಿ, ಅಕ್ಷರ ಹೊರಗೆ ಕಾಣುವಂತೆ. ಒಟ್ಟು ಹತ್ತೊಂಬತ್ತು. ಮೇವಿಸ್‌ದು ತೊಳೆದು ಒರೆಸಿ ತಂದಿದ್ದು.

"ಟೊಮೇಟೊ ಗಿಡಕ್ಕೆ ಊರುಗೋಲಾಗುತ್ತೆ," ಎಂದ ಕರ್ಟ್, ತಂತಿಯ ಕಾಲುಗಳನ್ನು ಕಿತ್ತು ಕಟ್ಟು ಮಾಡುತ್ತ. ಆ ಬೇಸಿಗೆ ನಮ್ಮ ಟೊಮೇಟೊ ಚೆನ್ನಾಗಿ ಬಂದವು. ನಾನು ತಿನ್ನಲಿಲ್ಲ.

ಸೆಪ್ಟೆಂಬರಿನ ಎರಡನೆಯ ಶನಿವಾರ ಮಧ್ಯಾಹ್ನ ಹೊಸ ಸ್ಕೋರ್ ಬೋರ್ಡಿನ ಉದ್ಘಾಟನೆ. ಮಂಡಳಿಯವರು ಬರಲೇಬೇಕು. ಬಿಸಿಲಿನಲ್ಲಿ ಬೋರ್ಡು ಮನೆಯೊಂದರಷ್ಟು ದೊಡ್ಡದಾಗಿ ಮಿನುಗುತ್ತಿತ್ತು. ಡುವೇನ್ ನನ್ನ ಹೆಗಲ ಮೇಲೆ ಕೈ ಹಾಕಿ ಫೋಟೋಗೆ ನಿಂತ. ಅವನ ಮೈಯಿಂದ ಹುರಿದ ಸಾಸೇಜಿನ ಹೊಗೆ ಬರುತ್ತಿತ್ತು. ನಾನು ಉಸಿರು ಹಿಡಿದು ನಕ್ಕೆ. ಅಷ್ಟು ನನಗೆ ಅಭ್ಯಾಸವಾಗಿತ್ತು.

ಜನ ಊಟದ ಸಾಲಿಗೆ ಹೋದಮೇಲೆ ಬೋರ್ಡಿನ ಕಂಬದ ಹತ್ತಿರ ಜೂನಿ ನಿಂತಿದ್ದು ಕಂಡಿತು. ಅವಳ ಒಂದು ಕೈಯಲ್ಲಿ ಐಸ್ ಕ್ಯಾಂಡಿ ಕರಗಿ ಮೊಣಕೈವರೆಗೆ ಇಳಿದಿತ್ತು. ಇನ್ನೊಂದು ಕೈಯ ಬೆರಳು ಕಂಬಕ್ಕೆ ಹೊಡೆದ ಹಿತ್ತಾಳೆ ತಗಡಿನ ಮೇಲಿತ್ತು. ಅದರಲ್ಲಿ ಚಿತ್ರವಿರಲಿಲ್ಲ.

"ಇದನ್ನು... ಸಾಧ್ಯ... ಸಾಧ್ಯವಾಗಿಸಿದವರು," ಎಂದು ಓದಿದಳು. ಬೆರಳು ಕೆಳಗಿಳಿಯಿತು. "ಡು... ಡುವೇನ್ ಸ್ಟೋಯಿಕ್." ಆಮೇಲೆ ಲೈಲ್. ಆಮೇಲೆ ನಿಂತಳು. ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ, ಮಧ್ಯದಲ್ಲಿ ಸಿಕ್ಕಿಕೊಂಡು, ಹಿಂದೆ ಹೋಗಿ ಮತ್ತೆ ಬಂದು, ನನ್ನ ಹೆಸರನ್ನು ಪೂರ್ತಿ ಓದಿದಳು. ಊಹಿಸಲಿಲ್ಲ. ಕಣ್ಣುಜ್ಜಿಕೊಳ್ಳಲಿಲ್ಲ.

"ಮಿಸೆಸ್ ವೀಸ್ನರ್! ಇದು ನೀವೇ ಅಲ್ವಾ?"

"ಹೌದು."

"ನೀವೇನ್ ಮಾಡಿದ್ರಿ ಇದಕ್ಕೆ?"

"ಕೈ ಎತ್ತಿದೆ."

"ಅಷ್ಟೇನಾ?" ಎಂದಳು ಜೂನಿ, ಸ್ವಲ್ಪ ನಿರಾಸೆಯಿಂದ. ಅಂಟು ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಮುಂದಿನ ಸಾಲಿನ ಮೇಲಿಟ್ಟಳು. ಅದು ತಗಡು ಮಾಡಿದ ಕಂಪನಿಯ ಹೆಸರು. ಅದನ್ನೂ ಓದಿದಳು.